ಮಲ್ಲೇಶನ ಮೂರು ಪ್ರತಿಗಳು

ಭುವನೇಶ್ವರಿ ಹೈದರಾಬಾದಿನ ಕೆಲಸ ಬಿಟ್ಟು ತೆಲಂಗಾಣದ ಗಡಿಯಲ್ಲಿದ್ದ ತನ್ನೂರು ನಾರಾಯಣಪೇಟೆಗೆ ವಾಪಸು ಬಂದಾಗ ಓಣಿಯವರು ತಮಗೆ ತಿಳಿದ ಕಾರಣ ಹೇಳಿಕೊಂಡರು. ನಿಶ್ಚಯವಾಗಿದ್ದ ಮದುವೆ ಮುರಿದಿದೆ ಎಂದರು ಕೆಲವರು, ಕಂಪನಿಯವರೇ ತೆಗೆದುಹಾಕಿದ್ದಾರೆ ಎಂದರು ಇನ್ನು ಕೆಲವರು. ಎರಡೂ ಅಲ್ಲ. ಅಲ್ಲಿ ಅವಳು ಮಾಡುತ್ತಿದ್ದದ್ದು ಬೇರೆ ಯಾರೋ ಕಟ್ಟಿದ ಸರ್ವರುಗಳನ್ನು ಕಾಯುವ ಕೆಲಸ. ಕೆಟ್ಟರೆ ಮೇಲಿನವರಿಗೆ ಫೋನ್ ಮಾಡಬೇಕು, ತಾನು ಮುಟ್ಟುವಂತಿಲ್ಲ. ಒಂದನ್ನಾದರೂ ತನ್ನ ಕೈಯಾರೆ ಕಟ್ಟಿ ನಿಲ್ಲಿಸಬೇಕೆಂಬ ಹಟ ಅವಳಲ್ಲಿ ಬೆಳೆಯಿತು. ಆ ಹಟವೇ ಅವಳನ್ನು ಊರಿಗೆ ತಂದಿತು.

ಕೆಲಸ ಕೊಟ್ಟವನು ಮಕ್ತಲದ ಕರಿಬಸಯ್ಯ. ಜಂಗಮರ ಮನೆತನ, ಜನ ಐನೋರು ಎನ್ನುತ್ತಿದ್ದರು. ಮಕ್ತಲದ ಬಸ್‌ಸ್ಟ್ಯಾಂಡಿನ ಎದುರು ಅವನ ಜವಳಿ ಅಂಗಡಿ, ಅದರ ಮೇಲೆ ಕೇಬಲ್ ಆಫೀಸು. ಅಲ್ಲಿಂದ ನಾರಾಯಣಪೇಟೆಗೂ ಗದ್ವಾಲಿಗೂ ಕಂಬದಿಂದ ಕಂಬಕ್ಕೆ ಅವನ ಫೈಬರ್ ತಂತಿ ಹೋಗಿತ್ತು. ಮೂರೂ ಊರಿನ ಸುದ್ದಿ ಅವನ ಕೇಬಲ್ ವಾಹಿನಿಯಲ್ಲಿ ಬರುತ್ತಿತ್ತು, ಬಹುಪಾಲು ತೆಲುಗಿನಲ್ಲಿ, ಸಂಜೆ ಅರ್ಧ ತಾಸು ಕನ್ನಡದಲ್ಲಿ. ಎಲ್ಲರ ಬಾಯಲ್ಲಿ ಅದು ಐನೋರ ಟೀವಿ.

ಆ ಟೀವಿಗೆ ಒಂದು ರೋಗವಿತ್ತು. ತೆಗೆದ ವಿಡಿಯೊ ಉಳಿಯುತ್ತಿರಲಿಲ್ಲ. ಮಕ್ತಲದ ಕಂಪ್ಯೂಟರು ಬಿಸಿಲಿಗೆ ಕೆಡುತ್ತಿತ್ತು, ಗದ್ವಾಲಿನ ಆಫೀಸಿನ ಮಾಳಿಗೆ ಸೋರುತ್ತಿತ್ತು. ಹಳೆಯ ಟೇಪುಗಳು ಮೂರೂ ಕಡೆ ಕಪಾಟುಗಳಲ್ಲಿ ಧೂಳು ತಿನ್ನುತ್ತಿದ್ದವು. ಯಾವ ಟೇಪು ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

"ತಂಗಿ, ನಮ್ಮ ವಿಡಿಯೊ ಎಲ್ಲಾ ಒಂದ ಕಡಿ ಇಡಾಕ ಬರ್ತದೇನು? ಯಾವ ಡಬ್ಬಿ ಕೆಟ್ಟರೂ ಹೋಗಬಾರದು ನೋಡು" ಎಂದು ಕರಿಬಸಯ್ಯ ಮೊದಲ ದಿನವೇ ಕೇಳಿದ.

"ಒಂದ ಕಡಿ ಯಾಕ್ರಿ ಐನೋರೆ, ಮೂರೂ ಊರಾಗ ಇಡೂಣು. ಮೂರು ಮಷೀನು ಕೂಡಿ ಒಂದ ಮಷೀನಿದ್ದಂಗ ಕೆಲಸ ಮಾಡ್ತಾವ."

"ಹಂಗಾದ್ರ ಮೊದ್ಲ ಟೆಸ್ಟ್ ಮಾಡಿ ತೋರ್ಸು. ಪಾಸಾದ ಮ್ಯಾಲ ಹೊಸಾವು ತರೂಣು."

ಟೆಸ್ಟಿಗೆಂದು ಸಿಕ್ಕಿದ್ದು ಮೂರು ಹಳೆಯ ಕಂಪ್ಯೂಟರು. ಭುವನೇಶ್ವರಿ ಅವುಗಳ ಹೊಟ್ಟೆ ಬಿಚ್ಚಿ ಧೂಳು ಊದಿ, ದೊಡ್ಡ ಡಿಸ್ಕು ಹಾಕಿ, ಊರಿಗೊಂದರಂತೆ ತಾನೇ ಹೊತ್ತೊಯ್ದು ಕೂರಿಸಿದಳು. ಗದ್ವಾಲಿನದನ್ನು ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಜುರಾಲಾ ಡ್ಯಾಮಿನ ಮೇಲೆ ಬಸ್ಸಿನಲ್ಲಿ ಹೋದಳು. ಮೂರು ಯಂತ್ರ ಸೇರಿ ಒಂದೇ ಉಗ್ರಾಣದಂತೆ ನಡೆಯುವ ಈ ಏರ್ಪಾಟಿಗೆ ಕ್ಲಸ್ಟರ್ ಎನ್ನುತ್ತಾರೆ. ಒಂದು ಊರಿನಲ್ಲಿ ಹಾಕಿದ ವಿಡಿಯೊದ ಪ್ರತಿ ಉಳಿದೆರಡು ಊರಿಗೂ ತಾನಾಗಿ ಹೋಗಿ ಕೂಡುತ್ತದೆ. ಮೂರೂ ಒಂದನ್ನೊಂದು ಸದಾ ವಿಚಾರಿಸಿಕೊಳ್ಳುತ್ತಿರುತ್ತವೆ. ಒಂದು ಉತ್ತರ ಕೊಡದೆ ಹೋದರೆ ಉಳಿದೆರಡು ಕೆಲಸ ನಡೆಸುತ್ತವೆ. ಅದು ಎದ್ದು ಬಂದಾಗ ನಡುವೆ ಆದದ್ದನ್ನೆಲ್ಲ ಅದಕ್ಕೂ ತಿಳಿಸಿ ತಮ್ಮ ಸಮಕ್ಕೆ ತಂದುಕೊಳ್ಳುತ್ತವೆ. ನಾರಾಯಣಪೇಟೆಯಲ್ಲಿ ಮಂಗಗಳು ತಂತಿ ಕಡಿದವು, ಗದ್ವಾಲಿನಲ್ಲಿ ಕರೆಂಟು ಹೋಯಿತು, ಅವಳು ಬೈಯುತ್ತ ಓಡಾಡಿದಳು. ಕೊನೆಗೊಂದು ಮಧ್ಯಾಹ್ನ ಮೂರೂ ಊರು ಒಂದನ್ನೊಂದು ಗುರುತಿಸಿದವು. ನಾರಾಯಣಪೇಟೆಯ ಆಫೀಸಿನಲ್ಲಿ ಒಬ್ಬಳೇ ಕೂತಿದ್ದ ಭುವನೇಶ್ವರಿ ಎದ್ದು ಹೋಗಿ ಮಿರ್ಚಿ ತಂದು, ಯಂತ್ರದ ಮುಂದೆಯೇ ಕೂತು ತಿಂದಳು.

ಇನ್ನು ಅದರ ಮೇಲೆ ಭಾರ ಹಾಕಿ ನೋಡಬೇಕಿತ್ತು. ದೊಡ್ಡ ದೊಡ್ಡ ವಿಡಿಯೊಗಳು ಬೇಕು. ಅದಕ್ಕೆ ದಾರಿ ತೋರಿಸಿದವನು ಅಂಜನಕುಮಾರ್. ಐನೋರ ಟೀವಿಯ ಹಳೆಯ ಕ್ಯಾಮೆರಾಮನ್, ಮಕ್ತಲದವನು. ಗದ್ವಾಲು ಜಿಲ್ಲೆಯಾದ ಮೇಲೆ ಅವನನ್ನು ಅಲ್ಲಿಯ ಆಫೀಸಿಗೆ ಹಾಕಿದ್ದರು.

"ತೆಲಂಗಾಣ ಹೋರಾಟದ ಟೇಪ್ ಅದಾವಲ್ಲ ತಂಗಿ. ಸಕಲ ಜನರ ಮುಷ್ಕರ ಆದಾಗ ಒಂದು ಟೆಂಟ್ ಬಿಟ್ಟಿಲ್ಲ ನಾನು. ಬಸ್ಸಿಲ್ಲ, ಸಾಲಿಯಿಲ್ಲ, ಹೆಗಲ ಮ್ಯಾಲ ಕ್ಯಾಮೆರಾ ಹೊತ್ಗೊಂಡು ಕೋಸಗಿ ತನಕ ಹೋಗೀನಿ. ಅವನ್ನ ಹಾಕು. ಭಾರಾನೂ ಆಕ್ಕತಿ, ಉಳದಂಗೂ ಆಕ್ಕತಿ."

ಅವನ ಕಣ್ಣಿನಲ್ಲಿ ಆಗ ಇದ್ದದ್ದು ನಿಜವಾದ ಅಭಿಮಾನ. ಮೂರೂ ಕಡೆಯ ಕಪಾಟುಗಳನ್ನು ತೆಗೆಸಿ, ಟೇಪುಗಳನ್ನು ಒರೆಸಿ, ಒಂದೊಂದನ್ನೇ ಓಡಿಸಿ ಕಂಪ್ಯೂಟರಿಗೆ ಇಳಿಸಿದ. ಹಾಗೆ ಇಳಿಸುವಾಗ ಒಂದು ಟೇಪನ್ನು ಅವನು ಹಿಂದಕ್ಕೆ ಓಡಿಸಿ ಮತ್ತೊಮ್ಮೆ ನೋಡಿದ. ಆಮೇಲೆ ಭುವನೇಶ್ವರಿಗೆ ಫೋನ್ ಮಾಡಿದ.

"ಒಂದು ವಿಡಿಯೊ ಹಾಕೀನಿ, ನೋಡು. ಅದರಾಗಿನ ಹುಡುಗ ಮಲ್ಲೇಶಂತ, ನಮ್ಮ ಮಕ್ತಲದ ಮೈಲಮ್ಮನ ಮಗ. ಕುರುಬರ ಹುಡುಗ. ರಾಜ್ಯ ಬರೋ ಹಿಂದಿನ ವರ್ಷ ಕಾಮಾಲಿ ಆಗಿ ಸತ್ತ."

ಅವಳು ನೋಡಿದಳು. ಮಕ್ತಲದ ಬಸ್‌ಸ್ಟ್ಯಾಂಡಿನ ಎದುರು ಒಂದು ಟೆಂಟು, ಒಳಗೆ ನಿರಶನ ಕೂತ ಜನ. ಎದುರಿನ ಜವಳಿ ಅಂಗಡಿಯಿಂದ ಕರಿಬಸಯ್ಯ ಆಳುಗಳನ್ನು ಕರೆದುಕೊಂಡು ಬರುತ್ತಾನೆ, ಮೈಯೆಲ್ಲ ಸಿಟ್ಟು. ಅಂಗಡಿಗೆ ಅಡ್ಡವಾಗಿದೆ ಎಂದು ಟೆಂಟಿನ ಹಗ್ಗ ಬಿಚ್ಚಿಸುತ್ತಾನೆ. ಕಂಬಳಿ ಹೊದ್ದ ಹುಡುಗನೊಬ್ಬ ಎದ್ದು ನಿಲ್ಲುತ್ತಾನೆ. ಅಲ್ಲಿಯವರೆಗೆ ತೆಲುಗಿನಲ್ಲಿ ಘೋಷಣೆ ಕೂಗುತ್ತಿದ್ದವನು ಐನೋರ ಜೊತೆ ಕನ್ನಡಕ್ಕೆ ಹೊರಳುತ್ತಾನೆ.

"ಟೆಂಟ್ ಕಿತ್ಕೋರಿ ಐನೋರೆ, ಬಿಸಲಾಗ ಕುಂದರ್ತೀವಿ. ಬಿಸಲಿನ ಹಗ್ಗಾನೂ ಬಿಚ್ಚಸ್ತೀರೇನು?"

ಜನ ನಗುತ್ತಾರೆ, ಹುಡುಗನೂ ನಗುತ್ತಾನೆ. ಕರಿಬಸಯ್ಯ ಬೆರಳು ಎತ್ತಿ ಹೇಳುತ್ತಾನೆ: "ಈ ಭಿಕಾರಿಗಳ ರಾಜ್ಯ ಬಂತಂದ್ರ ನಾನು ಈ ಊರಾಗ ಇರಂಗಿಲ್ಲ. ಬರಕೋರಿ."

ಕೊನೆಯ ತುಂಡನ್ನು ಕತ್ತರಿಸಿಬಿಡೋಣವೇ ಎಂದು ಅಂಜನಕುಮಾರ್ ಕೇಳಿದ. ಐನೋರಿಗೆ ಈಗ ಆ ಮಾತು ಹಿಡಿಸಲಿಕ್ಕಿಲ್ಲ. ಭುವನೇಶ್ವರಿ ಒಪ್ಪಲಿಲ್ಲ. "ಇದ್ದದ್ದು ಇದ್ದಂಗ ಇರ್ಲಿ ಅಂಜನಣ್ಣ. ಇಡೋದು ಅಷ್ಟ ನಮ್ಮ ಕೆಲಸ."

ಮೈಲಮ್ಮನ ಹತ್ತಿರ ಮಗನದೆಂದು ಇದ್ದದ್ದು ಆಧಾರ್ ಕಾರ್ಡಿನ ಮಸಕು ಮುಖ ಒಂದೇ. ಅಂಜನಕುಮಾರನೇ ಅವಳಿಗೆ ಸುದ್ದಿ ಮುಟ್ಟಿಸಿದ. ಸಂತೆಗೆ ಬಂದ ದಿನ ಅವಳು ತಮ್ಮನ ಮಗನೊಂದಿಗೆ ಮಕ್ತಲದ ಆಫೀಸಿನ ಮೆಟ್ಟಿಲು ಹತ್ತಿದಳು. ಅಂದು ಕರಿಬಸಯ್ಯ ಊರಲ್ಲಿರಲಿಲ್ಲ. ಭುವನೇಶ್ವರಿ ಅಲ್ಲಿಯ ಯಂತ್ರವನ್ನು ಪರೀಕ್ಷಿಸಲು ಬಂದಿದ್ದಳು. ಮೈಲಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ದೊಡ್ಡ ಟೀವಿಯಲ್ಲಿ ವಿಡಿಯೊ ಹಚ್ಚಿದಳು.

ಮೊದಲು ಮೈಲಮ್ಮ ತಲೆ ಎತ್ತಲಿಲ್ಲ. ದನಿ ಕೇಳಿದ ಮೇಲೆ ಎತ್ತಿದಳು. ಅಳಲಿಲ್ಲ. "ನಗತಾನ ನೋಡು" ಎಂದಳು. "ದೊಡ್ಡೋರ ಮುಂದ ಹಲ್ಲ ಕಿಸೀಬ್ಯಾಡಲೇ ಅಂತ ಎಷ್ಟ ಬೈತಿದ್ದೆ." ಮತ್ತೆ ಹಚ್ಚಲು ಹೇಳಿದಳು. ಇನ್ನೊಮ್ಮೆ. ಮೂರನೆಯ ಸಲ ಓಡುತ್ತಿದ್ದಾಗ ಭುವನೇಶ್ವರಿಗೆ ತಡೆಯಲಾಗಲಿಲ್ಲ. ತನ್ನ ಕೆಲಸವನ್ನು ಈ ಹೆಂಗಸಿಗೆ ತೋರಿಸಬೇಕೆನ್ನಿಸಿತು.

"ಯವ್ವಾ, ನಿಮ್ಮ ಮಗ ಈ ಡಬ್ಬ್ಯಾಗ ಅದಾನ. ಈಗ ಇದನ್ನ ಆರಸ್ತೀನಿ, ನೋಡ್ರಿ."

ಮೈಲಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು. "ಬ್ಯಾಡಬೇ!"

ಆದರೆ ಭುವನೇಶ್ವರಿ ವೈರು ಎಳೆದಾಗಿತ್ತು. ಯಂತ್ರದ ಫ್ಯಾನು ನಿಂತಿತು. ಬೇರೆ ಕಂಪ್ಯೂಟರಿಗೆ ಜೋಡಿಸಿದ್ದ ಟೀವಿಯಲ್ಲಿ ಮಲ್ಲೇಶ ಒಂದು ಉಸಿರಿನಷ್ಟು ತಡೆದು, ಮತ್ತೆ ಮಾತು ಮುಂದುವರಿಸಿದ.

"ಈಗ ಎಲ್ಲಿಂದ ಮಾತಾಡಾಕತ್ಯಾನ?" ಮೈಲಮ್ಮ ಕೇಳಿದಳು.

"ನಾರಾಯಣಪೇಟಿಯಿಂದ. ಇಲ್ಲಾ ಗದ್ವಾಲಿಂದ."

"ಕುರಿ ಹಿಂದ ತಿರುಗಿದಂಗ ಊರೂರು ತಿರಗತಾನ" ಎಂದು ಮೈಲಮ್ಮ ನಕ್ಕಳು. ನಗುವಾಗ ಅವಳೂ ಮಗನಂತೆಯೇ ಕಂಡಳು.

ತಮ್ಮನ ಮಗ ಫೋನು ತೆಗೆದು ಟೀವಿಯನ್ನೇ ಚಿತ್ರಿಸಿಕೊಳ್ಳಲು ಹೋದ. ಭುವನೇಶ್ವರಿ ತಡೆದಳು. ಆಫೀಸಿನ ವಿಡಿಯೊ ಯಾರೂ ಫೋನಿಗೂ ಪೆನ್‌ಡ್ರೈವಿಗೂ ಹಾಕಿಕೊಳ್ಳಬಾರದು ಎಂಬ ನಿಯಮ ಅವಳೇ ಮಾಡಿದ್ದು. ಹಿಂದೆ ಹಾಗೆ ಹಾಕಿಕೊಂಡೇ ಮಕ್ತಲದ ಕಂಪ್ಯೂಟರಿಗೆ ವೈರಸ್ ಹತ್ತಿತ್ತು. "ಟೆಸ್ಟ್ ಮುಗೀಲಿ, ನಾನ ಚೊಲೋ ಕಾಪಿ ಮಾಡಿ ಕೊಡ್ತೀನಿ. ಅಲ್ಲೀತನ ಬೇಕಾದಾಗ ಬಂದು ನೋಡ್ರಿ. ಇನ್ನ ಎಲ್ಲೂ ಹೋಗಂಗಿಲ್ಲ ಅಂವ. ಹೋಗಬೇಕಂದ್ರ ಮೂರೂ ಊರು ಒಮ್ಮೆ ಮುಳಗಬೇಕು."

ಆಮೇಲೆ ಸಂತೆಗೆ ಬಂದಾಗಲೆಲ್ಲ ಮೈಲಮ್ಮ ಬಂದು ಕೂತು ಮಗನನ್ನು ನೋಡಿ ಹೋಗತೊಡಗಿದಳು. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಕೂತವರ ಮುಂದೆ ಹೇಳಿಕೊಂಡಳು. ಒಂದಿಬ್ಬರು ಅವಳ ಜೊತೆ ಬಂದು ನೋಡಿದರು. ನೋಡಿದವರು ಮಲ್ಲೇಶನ ಮಾತನ್ನಷ್ಟೇ ಅಲ್ಲ, ಐನೋರ ಮಾತನ್ನೂ ಊರಲ್ಲಿ ಹೇಳಿದರು.

ಆ ವರ್ಷ ಅದು ಬೇಡದ ಮಾತಾಗಿತ್ತು. ಚುನಾವಣೆ ಹತ್ತಿರ ಬರುತ್ತಿತ್ತು, ಕರಿಬಸಯ್ಯನಿಗೆ ನಾಯಕನಾಗುವ ಆಸೆ ಹುಟ್ಟಿತ್ತು. ನಾರಾಯಣಪೇಟೆ ಜಿಲ್ಲೆಯಾಗಬೇಕೆಂದು ನಡೆಯುತ್ತಿದ್ದ ಧರಣಿಯ ಟೆಂಟಿಗೆ ಹೋಗಿ ಈಗ ತಾನೇ ಹಾರ ಹಾಕಿಸಿಕೊಂಡು ಕೂರುತ್ತಿದ್ದ. ಕಂಬಕಂಬದ ಮೇಲೆ ಅವನ ಪಟ, ಕೆಳಗೆ ತೆಲುಗಿನಲ್ಲಿ 'ಉದ್ಯಮಕಾರುಡು'. ತೆಲುಗಿನಲ್ಲಿ ಉದ್ಯಮವೆಂದರೆ ಚಳವಳಿ. ಅವನು ರಾಜ್ಯಕ್ಕಾಗಿ ಹೋರಾಡಿದವನು ಎಂದು ಅರ್ಥ. ಕನ್ನಡ ಓದಬಲ್ಲವರು ಅದನ್ನು ವ್ಯಾಪಾರಸ್ಥ ಎಂದು ಓದಿಕೊಂಡು, ಇದು ಸರಿಯಾಗಿದೆ ಎಂದು ನಗುತ್ತಿದ್ದರು.

ಒಂದು ದಿನ ಅವನು ನಾರಾಯಣಪೇಟೆಯ ಆಫೀಸಿಗೆ ಬಂದ. "ಟೆಸ್ಟ್ ಭಾಳ ಚೊಲೋ ನಡದೈತಂತ, ತೋರ್ಸವ್ವ" ಎಂದ. ಭುವನೇಶ್ವರಿ ಎಲ್ಲ ತೋರಿಸಿದಳು. ಕೊನೆಗೆ ಅವನೇ ಮೈಲಮ್ಮನ ಮಗನ ವಿಡಿಯೊ ಕೇಳಿದ. ಅದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ. ಅವನ ಮುಖ ಬದಲಾಗಲಿಲ್ಲ. ಭುವನೇಶ್ವರಿಯೇ ನೆಲ ನೋಡತೊಡಗಿದ್ದಳು.

"ಚೊಲೋ ಕಾಣ್ತದ" ಎಂದ ಅವನು. "ಈಗ ಒಂದು ಮಾತು ಹೇಳು. ಗದ್ವಾಲಿನ ಮಷೀನು ಸುಟ್ಟು ಹೋತು ಅನಕೋ. ಇದು ಉಳೀತದ?"

"ಉಳೀತದ್ರಿ."

"ಮಕ್ತಲದ್ದು ಕಳವಾತು?"

"ಆದ್ರೂ ಉಳೀತದ್ರಿ."

"ಮತ್ತ ನಾವ ಅಳಸಬೇಕಾದ್ರ? ಮೂರೂ ಊರಿಗೆ ತಿರುಗಬೇಕೇನು?"

ಅವಳಿಗೆ ಅದು ಕ್ಲಸ್ಟರಿನ ಬಗ್ಗೆ ಕೇಳಿದ ಒಳ್ಳೆಯ ಪ್ರಶ್ನೆಯೆನ್ನಿಸಿತು. ಹುರುಪಿನಿಂದಲೇ ಹೇಳಿದಳು: "ಏನೂ ಬ್ಯಾಡ್ರಿ. ಒಂದ ಕಡಿ ಅಳಿಸಿದ್ರ ಸಾಕು, ಮೂರೂ ಕಡಿ ಹೋಗ್ತದ. ಮೂರೂ ಯಾವಾಗ್ಲೂ ಒಂದ ಥರ ಇರಬೇಕಲ್ರಿ." ಆಮೇಲೆ ಮಾತು ಸೇರಿಸಿದಳು: "ಅದಕ್ಕ ನಾನು ಬ್ಯಾರೆ ಒಂದು ಡಿಸ್ಕ್ ಕೇಳಿದ್ದು. ಇದಕ್ಕ ಸಂಬಂಧ ಇಲ್ಲದ ಒಂದು ಕಾಪಿ ಎಲ್ಲಾದ್ರೂ ಇರಬೇಕ್ರಿ. ಅಲ್ಲೀತನ ಟೇಪ್ ಒಗೀಬಾರದು."

"ಆಗ್ಲಿ ಆಗ್ಲಿ, ಟೆಸ್ಟ್ ಪಾಸಾಗ್ಲಿ" ಎಂದ ಕರಿಬಸಯ್ಯ. "ನಾಳೆ ನೀ ರಜಾ ಹಾಕಿದ್ರ ನನಗ ಗೊತ್ತಿರಬೇಕಲ್ಲ, ಆ ಪಾಸ್‌ವರ್ಡ್ ಕೊಡು. ಅದನ್ನ ಬದಲಿ ಮಾಡೋದು ಹೆಂಗ ಅದನ್ನೂ ಕಲಸು." ಯಜಮಾನ ಕೇಳಿದ್ದು, ಅವಳು ಪಕ್ಕದಲ್ಲಿ ನಿಂತು ತಾಳ್ಮೆಯಿಂದ ಕಲಿಸಿದಳು.

ಮುಂದಿನ ವಾರ ಮೂರೂ ಆಫೀಸುಗಳ ಕಪಾಟುಗಳು ಖಾಲಿಯಾದವು. ಹೊಸ ಯಂತ್ರಗಳಿಗೆ ಜಾಗ ಬೇಕು, ಟೇಪುಗಳನ್ನೆಲ್ಲ ರಾಯಚೂರಿನ ಗುಜರಿಯವನಿಗೆ ಹಾಕಿದ್ದೇವೆ ಎಂದು ಮಕ್ತಲದಿಂದ ಹೇಳಿದರು. ಭುವನೇಶ್ವರಿ ಫೋನಿನಲ್ಲಿ ಜಗಳ ಮಾಡಿದಳು. ಕರಿಬಸಯ್ಯ ಸಮಾಧಾನದ ದನಿಯಲ್ಲಿ, "ನೀನ ಅಂದೀಯಲ್ಲ ತಂಗಿ, ಮೂರೂ ಊರಾಗ ಅದಾವಂತ" ಎಂದ. ಬೇರೆ ಡಿಸ್ಕನ್ನು ತಾನೇ ತರಿಸುತ್ತೇನೆಂದು ಅಂಗಡಿಗೆ ಹೇಳಿಟ್ಟಳು. ಅದು ಬರುವುದು ತಡವಾಯಿತು.

ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ಗಾಳಿಮಳೆ ಬಂತು. ಜುರಾಲಾ ಹತ್ತಿರ ಕಂಬ ವಾಲಿ ಗದ್ವಾಲಿನ ಫೈಬರು ಕಡಿಯಿತು. ಮರುದಿನ ಬೆಳಿಗ್ಗೆ ಭುವನೇಶ್ವರಿ ಆಫೀಸಿಗೆ ಬಂದು ಟೀವಿಗೆ ಜೋಡಿಸಿದ ಕಂಪ್ಯೂಟರು ತೆರೆದಳು. ಚಳವಳಿಯ ವಿಡಿಯೊಗಳಿದ್ದ ಜಾಗ ಖಾಲಿ. ಮಲ್ಲೇಶನದೊಂದೇ ಅಲ್ಲ, ಎಲ್ಲವೂ. ಮುಷ್ಕರ, ಕೋಸಗಿಯ ಮೆರವಣಿಗೆ, ರೈಲು ಹಳಿಯ ಮೇಲೆ ಕೂತ ಹೆಂಗಸರು, ಅಂಜನಕುಮಾರ್ ಹೊತ್ತು ತಿರುಗಿ ತೆಗೆದದ್ದೆಲ್ಲ. ಯಂತ್ರದೊಳಗೆ ಹೋಗಿ ನೋಡಲು ಪಾಸ್‌ವರ್ಡ್ ಹಾಕಿದಳು. ತಪ್ಪು ಎಂದಿತು.

ಕರಿಬಸಯ್ಯನಿಗೆ ಫೋನ್ ಮಾಡಿದಳು.

"ಹೌದವ್ವ, ನಾನ ಅಳಿಸೀನಿ" ಎಂದ ಅವನು. "ಟೆಸ್ಟ್ ಅಂದ್ಮ್ಯಾಲ ಅಳಸೋದೂ ಟೆಸ್ಟ್ ಮಾಡಬೇಕಲ್ಲ? ನೀ ಹೇಳಿದಂಗ ಆತು, ಎಲ್ಲಾ ಕಡಿ ಹೋತು. ಪಾಸು."

ಎಲ್ಲಾ ಕಡೆ ಅಲ್ಲ. ಅದು ಅವಳಿಗೆ ಹೊಳೆದದ್ದು ಫೋನಿಟ್ಟ ಮೇಲೆ. ಗದ್ವಾಲಿನ ತಂತಿ ಕಡಿದಿತ್ತು. ಅಳಿಸಿದ ಸುದ್ದಿ ಅಲ್ಲಿಯ ಯಂತ್ರಕ್ಕೆ ಇನ್ನೂ ಮುಟ್ಟಿಲ್ಲ. ಅದರ ಹೊಟ್ಟೆಯಲ್ಲಿ ಮಲ್ಲೇಶ ಇನ್ನೂ ಇದ್ದಾನೆ. ತಂತಿ ಜೋಡಿಸಿದ ಕೂಡಲೇ ಉಳಿದೆರಡು ಅದಕ್ಕೆ ಸುದ್ದಿ ಹೇಳುತ್ತವೆ, ಅದೂ ಅಳಿಸಿಕೊಳ್ಳುತ್ತದೆ. ನಾರಾಯಣಪೇಟೆಯ ಯಂತ್ರವನ್ನು ಅವಳು ಆರಿಸಬಹುದು, ಆದರೆ ಮಕ್ತಲದ್ದು ಕರಿಬಸಯ್ಯನ ಕೋಣೆಯಲ್ಲೇ ಇತ್ತು. ಸುದ್ದಿ ಹೇಳಲು ಅದೊಂದೇ ಸಾಕು. ಉಳಿದಿದ್ದು ಒಂದೇ ದಾರಿ. ಗದ್ವಾಲಿಗೆ ಫೋನ್ ಮಾಡಿದಳು.

"ಅಂಜನಣ್ಣ, ಆ ಮಷೀನಿನ ನೆಟ್ ವೈರು ಕಿತ್ತಿಡ್ರಿ. ಈಗಿಂದೀಗ. ನಾ ಬರೋತನ ಹಚ್ಚಬ್ಯಾಡ್ರಿ. ನಿಮ್ಮ ವಿಡಿಯೊ ಎಲ್ಲಾ ಅದರಾಗಷ್ಟ ಉಳದಾವ. ಐನೋರು ಅಳಸ್ಯಾರ."

"ಹೂಂ ತಂಗಿ" ಎಂದ ಅಂಜನಕುಮಾರ್.

ಅವಳು ಮಕ್ತಲದ ಬಸ್ಸು ಹತ್ತಿದಳು, ಅಲ್ಲಿ ಇಳಿದು ಗದ್ವಾಲಿನದು. ದಾರಿಯಲ್ಲಿ ಇನ್ನೊಮ್ಮೆ ಫೋನ್ ಮಾಡಿದರೆ ಅಂಜನಕುಮಾರ್ ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದಳು. ಡ್ಯಾಮು ದಾಟುವ ಮೊದಲು ಬಸ್ಸಿನ ಕಿಟಕಿಯಿಂದ ಕೇಬಲ್ ಆಳುಗಳು ಕಂಡರು. ಕಂಬ ನೆಟ್ಟಗಾಗಿತ್ತು, ಒಬ್ಬ ಏಣಿ ಮಡಚುತ್ತಿದ್ದ, ಇನ್ನೊಬ್ಬ ಬೀಡಿ ಹಚ್ಚುತ್ತಿದ್ದ. ಬಸ್ಸು ನಿಲ್ಲಿಸಿ ಇಳಿದು ಆ ತಂತಿಯನ್ನು ಹಲ್ಲಿನಿಂದಲೇ ಕಡಿಯಬೇಕೆನ್ನಿಸಿತು ಅವಳಿಗೆ. ಬಸ್ಸು ನೀರಿನ ಮೇಲೆ ಹೋಗುತ್ತಲೇ ಇತ್ತು. ವೈರು ಕಿತ್ತಿರುತ್ತಾನೆ, ಅವನದೇ ಕೆಲಸವಲ್ಲವೇ ಎಂದುಕೊಂಡಳು.

ಗದ್ವಾಲಿನ ಆಫೀಸಿನಲ್ಲಿ ಅಂಜನಕುಮಾರ್ ಬಾಗಿಲ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತಿದ್ದ. ಒಳಗೆ ಯಂತ್ರ ಓಡುತ್ತಿತ್ತು. ನೆಟ್ ವೈರು ಅದರ ಬೆನ್ನಿನಲ್ಲಿ ಇದ್ದಲ್ಲೇ ಇತ್ತು. ಅವಳು ನೇರ ಹೋಗಿ ಪ್ಲಗ್ಗು ಕಿತ್ತಳು, ಡಿಸ್ಕು ಬಿಚ್ಚಿಕೊಂಡಳು. ಸ್ಕ್ರೂ ನೆಲಕ್ಕೆ ಬಿದ್ದವು.

"ಐನೋರು ಫೋನ್ ಮಾಡಿದ್ರು" ಎಂದ ಅಂಜನಕುಮಾರ್.

"ಅವರ ಮಾಡಿದ್ರೋ, ನೀವ ಮಾಡಿದ್ರೋ?"

"ನಾನ ಮಾಡ್ದೆ. ಈ ಆಫೀಸು ನನ್ನ ಕೈಗೆ ಕೊಡ್ತೀನಿ ಅಂದಾರ. ನಿನಗೇನು, ನೀ ಹೈದರಾಬಾದಿಗೆ ಹೋದ್ರೂ ಕೆಲಸ ಸಿಗ್ತದ. ನಾ ಈ ವಯಸ್ಸಿನಾಗ ಕ್ಯಾಮೆರಾ ಹೊತ್ಗೊಂಡು ಯಾರ ಮನಿ ಬಾಗಿಲಿಗೆ ಹೋಗ್ಲಿ?"

"ನಿಮ್ಮ ಕೈಯಾರೆ ತೆಗೆದದ್ದಲ್ಲೇನ್ರಿ ಅದು?"

"ಅದಕ್ಕ ಹೇಳಾಕತ್ತೀನಿ. ನಂದು ಹೋಗೇತಿ, ನಿಂದೇನು ಹೋಗೇತಿ?" ಎಂದು ಅವನು ಒಮ್ಮೆಲೆ ಕೂಗಿದ. ಆಮೇಲೆ ಬಗ್ಗಿ, ಅವಳು ಬೀಳಿಸಿದ ಸ್ಕ್ರೂಗಳನ್ನು ಆಯ್ದು ಮೇಜಿನ ಮೇಲೆ ಇಟ್ಟ.

ಅಳಿಸಿದ್ದನ್ನು ಡಿಸ್ಕಿನಿಂದ ಕೆದಕಿ ತೆಗೆಯುವ ಉಪಾಯಗಳಿವೆ. ಭುವನೇಶ್ವರಿ ಆ ಡಿಸ್ಕನ್ನು ಮನೆಗೆ ತಂದು ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದಳು, ಹೈದರಾಬಾದಿನ ಹಳೆಯ ಗೆಳೆಯರನ್ನು ಕೇಳಿ ಅವರಿಗೆ ಗೊತ್ತಿದ್ದದ್ದನ್ನೂ ಮಾಡಿದಳು. ತಂತಿ ಜೋಡಿಸಿದಾಗ ಗದ್ವಾಲಿನ ಯಂತ್ರ ಅಳಿಸಿ ಸುಮ್ಮನಿರಲಿಲ್ಲ. ತಾನು ದೂರವಿದ್ದಾಗ ಬಂದ ಹೊಸ ವಿಡಿಯೊಗಳನ್ನೆಲ್ಲ ಅವಸರದಿಂದ ತುಂಬಿಕೊಂಡಿತ್ತು; ಉಳಿದೆರಡರಲ್ಲಿ ಆ ಜಾಗ ಅದಕ್ಕೂ ಮೊದಲೇ ತುಂಬಿತ್ತು. ಮಲ್ಲೇಶ ಇದ್ದ ಜಾಗದಲ್ಲಿ ಈಗ ಕೋಸಗಿಯ ಮಾರುಕಟ್ಟೆಯ ತೊಗರಿ ಧಾರಣೆ ಇತ್ತು. ಅವಳು ಕಟ್ಟಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. ಎಲ್ಲಾದರೂ ಒಂದು ತಪ್ಪಿದ್ದರೆ, ಯಾವುದೋ ಒಂದು ಯಂತ್ರ ಮಾತು ಕೇಳದೆ ಹೋಗಿದ್ದರೆ, ಹುಡುಗ ಉಳಿದಿರುತ್ತಿದ್ದ. ಟೇಪು ಮೂರು ಊರಿನ ಧೂಳಿನಲ್ಲಿದ್ದಾಗ ಅವನನ್ನು ಯಾರಿಂದಲೂ ಅಳಿಸಲಾಗಿರಲಿಲ್ಲ, ಎಲ್ಲಿದ್ದಾನೆಂದೇ ಯಾರಿಗೂ ಗೊತ್ತಿರಲಿಲ್ಲ. ಅವನನ್ನು ಹುಡುಕಿಸಿ, ಒಂದೆಡೆ ಸೇರಿಸಿ, ಒಂದು ಬೆರಳಿನ ಕೆಳಗೆ ತಂದಿಟ್ಟವಳು ಅವಳೇ.

ಮೈಲಮ್ಮನಿಗೆ ಹೇಳಲು ಅವಳೇ ಹೋದಳು. ಮಕ್ತಲದ ಹೊರಗೆ ಕುರಿದೊಡ್ಡಿಯ ಪಕ್ಕದಲ್ಲಿ ಮನೆ. ಮೈಲಮ್ಮ ಹೊರಗೆ ಕೂತು ಉಣ್ಣೆ ಬಿಡಿಸುತ್ತಿದ್ದಳು. ಭುವನೇಶ್ವರಿ ನಿಂತುಕೊಂಡೇ ಎಲ್ಲ ಹೇಳಿದಳು. ಯಾರು ಅಳಿಸಿದರು, ಯಾಕೆ, ಗದ್ವಾಲಿನಲ್ಲಿ ಏನಾಯಿತು, ಒಂದನ್ನೂ ಮುಚ್ಚಿಡಲಿಲ್ಲ.

ಮೈಲಮ್ಮ ಉಣ್ಣೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಮೂರೂ ಊರು ಮುಳಗಿದ್ವೇನು?" ಎಂದಳು.

"ಇಲ್ರೀ ಯವ್ವಾ."

"ಮತ್ತ?"

ಭುವನೇಶ್ವರಿ ಅವಳ ಎದುರಿಗೆ ನೆಲದ ಮೇಲೆ ಕೂತಳು.

"ಅಂವ ಹ್ವಾದ ಮ್ಯಾಲ ದಿನಾ ದನಿ ಕೇಳಸ್ತಿತ್ತು" ಎಂದಳು ಮೈಲಮ್ಮ. "ಕುರಿ ಕರದಂಗ, ನನ್ನ ಬೈದಂಗ. ಬರಬರತ ಕಡಿಮಿ ಆತು. ಆಮ್ಯಾಲ ನೆಪ್ಪು ಮಾಡಿಕೊಂಡ್ರೂ ಬರಲಿಲ್ಲ. ಮರತಿದ್ದೆ. ಮರತು ಉಂಡು ತಿಂದು ಇದ್ದೆ. ನೀ ಕರದು ಕುಂದರಿಸಿ ಮತ್ತ ಕೇಳಿಸಿದಿ. ಈಗ ಮತ್ತ ಮೊದಲಿಂದ ಮರೀಬೇಕು ನಾನು." ಅವಳ ದನಿಯಲ್ಲಿ ಅಳು ಇರಲಿಲ್ಲ. "ನಮ್ಮ ಹುಡುಗ ಫೋನಿನಾಗ ತಗೋತೀನಿ ಅಂದ. ಕೈ ಹಿಡದಿ. ಹೋಗು ತಾಯಿ."

ಊರಲ್ಲಿ ಭುವನೇಶ್ವರಿ ಬಾಯಿ ಮುಚ್ಚಿಕೊಂಡಿರಲಿಲ್ಲ. ಕೇಳಿದವರಿಗೆಲ್ಲ ಹೇಳಿದಳು. ಆದರೆ ಐನೋರ ಟೀವಿ ತನ್ನ ಮಾತನ್ನು ಮೊದಲೇ ಹೇಳಿಯಾಗಿತ್ತು: ಹೊಸ ಹುಡುಗಿಯ ಪ್ರಯೋಗ ಕೈಕೊಟ್ಟು ಚಳವಳಿಯ ಅಮೂಲ್ಯ ದೃಶ್ಯಗಳು ನಾಶವಾದವು, ಉದ್ಯಮಕಾರರಾದ ಯಜಮಾನರು ತೀವ್ರವಾಗಿ ನೊಂದಿದ್ದಾರೆ. ಯಂತ್ರ ಕೆಡುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಕೆಡದ ಯಂತ್ರ ಅಳಿಸಿತು ಎಂಬುದನ್ನು ಯಾರಿಗೆ ಅರ್ಥ ಮಾಡಿಸುವುದು? ವಿಡಿಯೊ ನೋಡಿದ್ದ ಒಂದಿಬ್ಬರೂ, ನಮಗೆ ಸರಿಯಾಗಿ ನೆಪ್ಪಿಲ್ಲ ಎನ್ನತೊಡಗಿದರು.

ಜೂನ್ ಎರಡರಂದು, ರಾಜ್ಯ ಹುಟ್ಟಿದ ದಿನ, ಮಕ್ತಲದ ಬಸ್‌ಸ್ಟ್ಯಾಂಡಿನ ಎದುರು ಕರಿಬಸಯ್ಯ ಶಾಮಿಯಾನ ಹಾಕಿಸಿದ. ಚಳವಳಿಗಾರರ ತಾಯಂದಿರಿಗೆ ಸನ್ಮಾನ. ಮೈಲಮ್ಮ ಹೋಗುತ್ತಾಳೆಂದು ತಿಳಿದು ಭುವನೇಶ್ವರಿಯೂ ಹೋಗಿ ಹಿಂದೆ ನಿಂತಳು. ಅಂಜನಕುಮಾರ್ ಗದ್ವಾಲಿನಿಂದ ಬಂದು ತಾನೇ ಕ್ಯಾಮೆರಾ ಹಿಡಿದಿದ್ದ. ತಾಯಂದಿರು ಸಾಲಾಗಿ ವೇದಿಕೆ ಹತ್ತಿದರು. ಕರಿಬಸಯ್ಯ ಮೈಲಮ್ಮನ ಹೆಗಲಿಗೆ ಶಾಲು ಹೊದಿಸಿ, ಇವರ ಮಗ ತನ್ನ ಜೊತೆ ಹೆಗಲಿಗೆ ಹೆಗಲು ಕೊಟ್ಟು ಕೂತಿದ್ದ ಎಂದು ಮೈಕಿನಲ್ಲಿ ತೆಲುಗಿನಲ್ಲಿ ಹೇಳಿದ.

ಮೈಲಮ್ಮ ಅವನ ಕೈಯಲ್ಲಿದ್ದ ಮೈಕನ್ನು ತನ್ನ ಬಾಯಿಯ ಕಡೆ ಎಳೆದುಕೊಂಡಳು. "ಈಗ ಅವನ ಮಾತು ಕೇಳಿದೋರು ನೀವೊಬ್ರ ಉಳದೀರಿ ಐನೋರೆ" ಎಂದಳು ಕನ್ನಡದಲ್ಲಿ. "ಟೆಂಟ್ ಕೀಳಾಕ ಬಂದಾಗ ನನ್ನ ಮಗ ನಿಮಗ ಏನಂದಿದ್ದ? ನಿಮ್ಮ ಬಾಯಿಲೆ ಹೇಳ್ರಿ, ಎಲ್ಲಾರೂ ಕೇಳ್ಲಿ."

ಜನರಲ್ಲಿ ಗುಜುಗುಜು ಎದ್ದಿತು. ಕರಿಬಸಯ್ಯ ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ನಗುತ್ತ ಮೈಕು ಬಿಡಿಸಿಕೊಂಡು, ತಾಯಿಯ ದುಃಖ ದೊಡ್ಡದು ಎಂದು ಮತ್ತೆ ತೆಲುಗಿನಲ್ಲಿ ಹೇಳಿ, ಹಾಡು ಹಾಕಲು ಕೈಸನ್ನೆ ಮಾಡಿದ. ಲೌಡ್‌ಸ್ಪೀಕರಿನ ಹಾಡಿನಲ್ಲಿ ಮೈಲಮ್ಮ ಇನ್ನೇನೋ ಅಂದದ್ದು ಯಾರಿಗೂ ಕೇಳಲಿಲ್ಲ. ಇಬ್ಬರು ಹೆಂಗಸರು ಅವಳ ತೋಳು ಹಿಡಿದು ಮೆಲ್ಲಗೆ ಕೆಳಗೆ ಇಳಿಸಿದರು. ಅವಳು ಶಾಲನ್ನು ಮೆಟ್ಟಿಲ ಮೇಲೆ ಬಿಟ್ಟು ನಡೆದಳು. ಆ ಸಂಜೆಯ ಸುದ್ದಿಯಲ್ಲಿ ಶಾಲು ಹೊದಿಸಿದ್ದು ಬಂತು, ಮೈಲಮ್ಮ ಕೈಮುಗಿದದ್ದು ಬಂತು. ಮಾತಾಡಿದ್ದು ಬರಲಿಲ್ಲ.

ಕೆಲವು ದಿನಗಳ ಮೇಲೆ ಭುವನೇಶ್ವರಿಗೆ ರಾಯಚೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೆಲಸ ಸಿಕ್ಕಿತು. ಹೊರಟ ದಿನ ಮಕ್ತಲದಲ್ಲಿ ಮೈಲಮ್ಮ ಉಣ್ಣೆಯ ಗಂಟು ಹೊತ್ತು ಅದೇ ಬಸ್ಸು ಹತ್ತಿದಳು. ಭುವನೇಶ್ವರಿ ಕಿಟಕಿಯ ಕಡೆ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ಮೈಲಮ್ಮ ಆ ಜಾಗವನ್ನು ನೋಡಿದಳು, ಅವಳನ್ನೂ ನೋಡಿದಳು, ಗಂಟನ್ನು ನಡುದಾರಿಯಲ್ಲಿ ಇಳಿಸಿ, ಕೃಷ್ಣೆ ದಾಟಿ ರಾಯಚೂರು ಬರುವವರೆಗೂ ಕಂಬಿ ಹಿಡಿದು ನಿಂತೇ ಇದ್ದಳು.